ರೆಕಾರ್ಡಿನಲ್ಲಿ ಸಿಕ್ಕ ಅಪ್ಪ

ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆ. 2009ರ ಆಸುಪಾಸಿನ ಒಂದು ಮಧ್ಯಾಹ್ನ. 'ಬ್ರೆಡ್-ಸ್ಟೈ' ಅನ್ನುವ ಪುಟ್ಟ ಕೆಫೆಯ ಬಾಗಿಲು ತಳ್ಳಿ ಒಳಗೆ ಬನ್ನಿ. ಒಲೆಯ ಮೇಲೆ ಸೂಪು ಕುದಿಯುತ್ತಿದೆ. ಅದನ್ನು ತಿರುವುತ್ತ ನಿಂತ ಅಗಲ ಭುಜದ, ಎತ್ತರದ ಮನುಷ್ಯ ಗ್ರೆಗರಿ ಪೋರ್ಟರ್. ಕೆಫೆ ನಡೆಸುವುದು ಅವರ ಸೋದರ ಲಾಯ್ಡ್, ಅಡುಗೆ ಗ್ರೆಗರಿಯದು. ಗಿರಾಕಿಗಳು ಒಪ್ಪಿದರೆ, ಒಪ್ಪದೆ ಎಲ್ಲಿ ಹೋಗುತ್ತಾರೆ, ಇಲ್ಲೇ ಹಾಡುವುದೂ ಉಂಟು. ಗ್ರೆಗರಿಗೆ ನಲವತ್ತು ಹತ್ತಿರವಾಗುತ್ತಿದೆ. ಸ್ವಂತದ್ದು ಅಂತ ಒಂದು ಆಲ್ಬಮ್ ಇನ್ನೂ ಬಂದಿಲ್ಲ.

ರಾತ್ರಿ ಅವರ ದನಿ ಕೇಳಬೇಕಾದರೆ ಯುಟಿಕಾ ಅವೆನ್ಯೂ ನಿಲ್ದಾಣದಲ್ಲಿ 'ಎ' ರೈಲು ಹತ್ತಬೇಕು. ಬಿಲ್ಲಿ ಸ್ಟ್ರೇಹಾರ್ನ್ ಹಾಡು ಬರೆದು, ಡ್ಯೂಕ್ ಎಲಿಂಗ್ಟನ್ ವಾದ್ಯವೃಂದ 1941ರಲ್ಲಿ ರೆಕಾರ್ಡ್ ಮಾಡಿ ಲೋಕಪ್ರಸಿದ್ಧ ಮಾಡಿದ್ದು ಇದೇ ರೈಲನ್ನು. ಈಸ್ಟ್ ನದಿಯ ಅಡಿಯಲ್ಲಿ ಹಾದು ಮ್ಯಾನ್‌ಹ್ಯಾಟನ್ ಸೇರುತ್ತೀರಿ. 59ನೇ ಬೀದಿ ಬಿಟ್ಟ ಮೇಲೆ 125ರ ತನಕ ರೈಲು ಎಲ್ಲೂ ನಿಲ್ಲುವುದಿಲ್ಲ. ಬೋಗಿ ಓಲಾಡುತ್ತದೆ, ಗೋಡೆಗಳು ಕಿರುಚುತ್ತವೆ. 145ರಲ್ಲಿ ಇಳಿದು ಸೇಂಟ್ ನಿಕೋಲಸ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆಯಿರಿ. ಇದು ಹಾರ್ಲೆಮ್‌ನ ಶುಗರ್ ಹಿಲ್. ಎಲಿಂಗ್ಟನ್ ವಾಸವಿದ್ದ ಮನೆ ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಇದೆ. ನಾವು ಅಷ್ಟು ದೂರ ಹೋಗಬೇಕಿಲ್ಲ. 773ನೇ ನಂಬರಿನ ಕಟ್ಟಡ, ರಸ್ತೆಯ ಮಟ್ಟಕ್ಕಿಂತ ಕೆಳಗೆ ಸೇಂಟ್ ನಿಕ್ಸ್ ಪಬ್. ಇಳಿಯಿರಿ. ತಲೆ ಜೋಪಾನ.

ಒಳಗೆ ಜಾಗ ಕಡಿಮೆ, ಸೂರು ತಗ್ಗು. ಬಡಾವಣೆಯ ಹಿರಿಯರು, ಭುಜಕ್ಕೆ ವಾದ್ಯದ ಪೆಟ್ಟಿಗೆ ನೇತುಹಾಕಿಕೊಂಡ ಎಳೆಯರು, ದೂರದ ದೇಶಗಳಿಂದ ಬಂದ ಪ್ರವಾಸಿಗರು, ಎಲ್ಲರೂ ಮೈಗೆ ಮೈ ತಾಗಿಸಿ ನಿಂತಿದ್ದಾರೆ. ಪೋರ್ಟರ್ ಮೈಕಿನ ಮುಂದೆ ಬರುತ್ತಾರೆ. ತಲೆಗೆ ಟೋಪಿ, ಅದರ ಬಟ್ಟೆ ಕಿವಿ, ಕೆನ್ನೆ, ಗಲ್ಲವನ್ನೂ ಸುತ್ತಿದೆ. ಚರ್ಮದ ಶಸ್ತ್ರಚಿಕಿತ್ಸೆಯಾದ ಮೇಲೆ ಹೀಗೆ ಎಂದಷ್ಟೇ ಅವರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚು ಕೆದಕುವ ಹಕ್ಕು ನಮಗಿಲ್ಲ.

ಬಾಸ್ ಶುರುವಾಗುತ್ತದೆ, ಅದರ ಬೆನ್ನಿಗೆ ಡ್ರಮ್ಸ್. ದನಿ ತಕ್ಷಣ ಬರುವುದಿಲ್ಲ. ತಾಳ ಒಂದು ಸುತ್ತು ಬರಲಿ ಎಂದು ಕಾಯುತ್ತದೆ. ಬಂದಾಗ ನೆಲದಿಂದ ಎದ್ದ ಹಾಗೆ ಬರುತ್ತದೆ: ದಪ್ಪ, ಬೆಚ್ಚನೆಯ ಬ್ಯಾರಿಟೋನ್, ಒಂದೊಂದು ಅಕ್ಷರವೂ ಸ್ಪಷ್ಟ. ಹಾಲು ಉಕ್ಕದ ಹಾಗೆ ಸಣ್ಣ ಉರಿಯಲ್ಲಿ ಕಾಯಿಸುವವರಂತೆ ಅವರು ದನಿಯನ್ನು ಬಹಳ ಹೊತ್ತು ಅದುಮಿ ಇಟ್ಟುಕೊಳ್ಳುತ್ತಾರೆ. ಹಾಡು '1960 ವಾಟ್?'. ಮೋಟೆಲಿನಲ್ಲಿ ನಾಯಕನೊಬ್ಬನಿಗೆ ಗುಂಡು ಬೀಳುತ್ತದೆ, ಕಾರುಗಳ ನಗರ ಹೊತ್ತಿ ಉರಿಯುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ನಲ್ಲಿ ಬಿದ್ದ 1968, ಡೆಟ್ರಾಯ್ಟ್ ದಂಗೆಯೆದ್ದ 1967, ಎರಡೂ ಒಂದೇ ತಾಳದಲ್ಲಿ ಕಲೆತು ಬರುತ್ತವೆ. ಅದುಮಿಟ್ಟ ದನಿ ಈಗ ಒಡೆಯುತ್ತದೆ. ಯಾರೋ ಹಿಂದಿನಿಂದ ಚಪ್ಪಾಳೆಯ ತಾಳ ಹಾಕುತ್ತಾರೆ, ಮತ್ತೊಬ್ಬರು ಚರ್ಚಿನಲ್ಲಿ ಕೂಗುವಂತೆ ಕೂಗುತ್ತಾರೆ. ಹಾಡುವವರಿಗೂ ಕೇಳುವವರಿಗೂ ನಡುವೆ ಒಂದು ತೋಳಿನಷ್ಟೂ ಅಂತರವಿಲ್ಲ.

ಚರ್ಚಿನ ನೆನಪಾದದ್ದು ಸುಮ್ಮನೆ ಅಲ್ಲ. ಆ ಚರ್ಚು ಇರುವ ಕಡೆಗೆ ಹೋಗೋಣ.

ಪೋರ್ಟರ್ ಬೆಳೆದ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್, 1970ರ ದಶಕ. ಹತ್ತಿಯ ಹೊಲಗಳು, ಎಣ್ಣೆ ಬಾವಿಗಳು, ನೆತ್ತಿ ಸುಡುವ ಬಿಸಿಲು. ಮನೆಯ ತುಂಬ ಮಕ್ಕಳು, ಎಂಟು ಜನ. ಅಮ್ಮ ರೂತ್ ಧರ್ಮಬೋಧಕಿ. ಬಡವರ ಬೀದಿಗಳಲ್ಲಿ, ಅಂಗಡಿಯಂಥ ಸಣ್ಣ ಕಟ್ಟಡಗಳಲ್ಲಿ ನಡೆಯುವ ಚರ್ಚುಗಳು ಅವರವು. ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಮುದುಕರು ಅಲ್ಲಿ ಕುಳಿತು ಹಳೆಯ ಗಾಸ್ಪೆಲ್ ಹಾಡುತ್ತಾರೆ. ಹುಡುಗ ಅವರ ನಡುವೆ ಕುಳಿತು ಕೇಳುತ್ತಾನೆ. ಅಮ್ಮ ದಿಕ್ಕಿಲ್ಲದವರನ್ನು ಹುಡುಕಿಕೊಂಡು ಗಲ್ಲಿಗಳಿಗೆ ನುಗ್ಗುತ್ತಾರೆ. ದಶಕಗಳಾದ ಮೇಲೆ 'ಟೇಕ್ ಮಿ ಟು ದಿ ಆ್ಯಲಿ' ಎಂಬ ಹಾಡಾಗಿ ಹೊರಬಂದದ್ದು ಆ ಗಲ್ಲಿಗಳೇ.

ಅಪ್ಪ ಮಾತ್ರ ಮನೆಯಲ್ಲಿಲ್ಲ.

ಅಮ್ಮನ ರೆಕಾರ್ಡುಗಳ ಸಾಲಿನಿಂದ ಹುಡುಗ ಒಂದನ್ನು ಎಳೆದು ತೆಗೆಯುತ್ತಾನೆ. ಅದಕ್ಕೊಂದು ಕಾರಣವಿದೆ. ಐದಾರು ವರ್ಷದವನಾಗಿದ್ದಾಗ ತಾನೇ ಕಟ್ಟಿದ ಹಾಡೊಂದನ್ನು ಅಮ್ಮನಿಗೆ ಕೇಳಿಸಿದ್ದ. ನಿನ್ನ ದನಿ ನ್ಯಾಟ್ ಕಿಂಗ್ ಕೋಲ್ ಇದ್ದ ಹಾಗಿದೆ ಎಂದಿದ್ದರು ಅಮ್ಮ. ಯಾರವರು? ರೆಕಾರ್ಡಿನ ಹೊದಿಕೆಯ ಮೇಲೆ ನೋಡುತ್ತಾನೆ: ಒಳ್ಳೆಯ ಉಡುಪು ತೊಟ್ಟ, ನಗುಮುಖದ ಕಪ್ಪು ವರ್ಣದ ಗಂಡಸು ಬೆಂಕಿಗೂಡಿನ ಬಳಿ ಕುಳಿತಿದ್ದಾರೆ. ಮುಳ್ಳು ಇಳಿಸುತ್ತಾನೆ. ಒಂದು ದನಿ, ಅವಸರವಿಲ್ಲದೆ, ನೇರ ತನ್ನೊಬ್ಬನಿಗೇ ಹೇಳುವಂತೆ, ಧೈರ್ಯ ಹೇಳುತ್ತದೆ. ನನ್ನ ಅಪ್ಪ ಇವರೇ ಇರಲಿ ಎಂದು ಹುಡುಗ ಮನಸ್ಸಿನಲ್ಲೇ ನಿಶ್ಚಯ ಮಾಡುತ್ತಾನೆ. ಕೋಲ್ 1965ರಲ್ಲೇ, 45ನೇ ವಯಸ್ಸಿಗೇ ತೀರಿಕೊಂಡಿದ್ದರು, ಗ್ರೆಗರಿ ಹುಟ್ಟುವುದಕ್ಕೆ ಆರು ವರ್ಷ ಮೊದಲು. ಆ ಹುಡುಗನಿಗೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.

ಮುಂದಿನದು ಬೇಗ ನಡೆಯಿತು. ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದು, ಅಮೆರಿಕನ್ ಫುಟ್‌ಬಾಲ್ ಆಟಗಾರನೆಂದು ಪೂರ್ಣ ವಿದ್ಯಾರ್ಥಿವೇತನ. ಭುಜಕ್ಕೆ ಪೆಟ್ಟಾಗಿ ಆಟ ಮುಗಿಯಿತು. ಮಗನ 21ರ ವಯಸ್ಸಿನಲ್ಲಿ ಅಮ್ಮನನ್ನು ಕ್ಯಾನ್ಸರ್ ಒಯ್ದಿತು. ಹಾಡುವುದನ್ನು ಬಿಡಬೇಡ ಎಂಬುದು ಕೊನೆಯ ದಿನಗಳಲ್ಲಿ ಅಮ್ಮ ಹೇಳಿದ ಮಾತು. ಬೇರೆ ಯಾವ ಆಸ್ತಿಯೂ ಅಷ್ಟು ಭಾರವಿರಲಾರದು.

ಲಾಸ್ ಏಂಜಲಿಸ್‌ನ ಒಂದು ಸ್ಟುಡಿಯೊ, 1990ರ ದಶಕದ ಕೊನೆ. ಕೊಳಲುವಾದಕ ಹ್ಯೂಬರ್ಟ್ ಲಾಸ್ ನ್ಯಾಟ್ ಕಿಂಗ್ ಕೋಲ್ ನೆನಪಿಗೆ ಆಲ್ಬಮ್ ಮಾಡುತ್ತಿದ್ದಾರೆ. ಅದರ ನಿರ್ಮಾಪಕ, ಸ್ಯಾಕ್ಸೋಫೋನ್ ವಾದಕ ಕಮಾವು ಕೆನ್ಯಾಟ ಈ ಯುವಕನ ಗುರು. ನೋಡು ಬಾ ಎಂದು ಕರೆತಂದಿದ್ದಾರೆ. 'ಸ್ಮೈಲ್' ಧ್ವನಿಮುದ್ರಣ ನಡೆಯುತ್ತಿದೆ. ಚಾಪ್ಲಿನ್ 'ಮಾಡರ್ನ್ ಟೈಮ್ಸ್' ಚಿತ್ರಕ್ಕೆ ಕಟ್ಟಿದ ರಾಗ ಅದು. 1954ರಲ್ಲಿ ಮಾತು ಸೇರಿದಾಗ ಹಾಡಿದವರು ಕೋಲ್. ಪೋರ್ಟರ್‌ಗೆ ತಡೆಯಲಾಗುವುದಿಲ್ಲ, ಪಕ್ಕದಲ್ಲಿ ನಿಂತು ತಮ್ಮಷ್ಟಕ್ಕೆ ಗುನುಗುತ್ತಾರೆ. ಆ ಗುನುಗು ಲಾಸ್ ಅವರ ಕಿವಿಗೆ ಬೀಳುತ್ತದೆ. 1998ರ ಆ ಆಲ್ಬಮ್ ತೆಗೆದು ಕೇಳಿ, 'ಸ್ಮೈಲ್' ಹಾಡಿದವರು ಪೋರ್ಟರ್. ಅಂದು ಅಲ್ಲೇ ಇದ್ದ ಹ್ಯೂಬರ್ಟರ ತಂಗಿ, ಗಾಯಕಿ ಎಲೋಯಿಸ್ ಲಾಸ್ ಇವರನ್ನು ಒಂದು ಬ್ಲೂಸ್ ನಾಟಕಕ್ಕೆ ಸೇರಿಸಿದರು. ಅದು 1999ರಲ್ಲಿ ಬ್ರಾಡ್‌ವೇಗೂ ಹೋಯಿತು. 2004ರಲ್ಲಿ ಡೆನ್ವರ್‌ನಲ್ಲಿ ತಮ್ಮದೇ ಸಂಗೀತನಾಟಕ ಬರೆದು ಆಡಿದರು. ಅಪ್ಪನಿಲ್ಲದ ಹುಡುಗ ಮತ್ತು ನ್ಯಾಟ್ ಕಿಂಗ್ ಕೋಲ್, ಅದರ ಕಥೆ.

ಇಷ್ಟಾದರೂ ಬ್ರೂಕ್ಲಿನ್‌ನ ಸೂಪಿನ ಒಲೆ ತಪ್ಪಲಿಲ್ಲ, ಹಾರ್ಲೆಮ್‌ನ ಮೆಟ್ಟಿಲೂ. ನನಗೆ ಆ ವರ್ಷಗಳು ವ್ಯರ್ಥವಾದವು ಅನಿಸುವುದೇ ಇಲ್ಲ. ಇಪ್ಪತ್ತೈದಕ್ಕೇ ಹೆಸರು ಬಂದಿದ್ದರೆ ಈ ಹಾಡುಗಳಲ್ಲಿ ಇಷ್ಟು ಜನ, ಇಷ್ಟು ಬೀದಿ ಇರುತ್ತಿರಲಿಲ್ಲ. 2010ರಲ್ಲಿ ಕೆನ್ಯಾಟ ನಿರ್ಮಾಣದ 'ವಾಟರ್' ಬಂತು. ಪಿಯಾನೊ ಮುಂದೆ ಚಿಪ್ ಕ್ರಾಫರ್ಡ್. ಮೊದಲ ಆಲ್ಬಮ್ಮೇ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. 2012ರಲ್ಲಿ 'ಬಿ ಗುಡ್'. ಬ್ಲೂ ನೋಟ್ ಸಂಸ್ಥೆಗೆ ಮಾಡಿದ 'ಲಿಕ್ವಿಡ್ ಸ್ಪಿರಿಟ್' (2013), ಆಮೇಲಿನ 'ಟೇಕ್ ಮಿ ಟು ದಿ ಆ್ಯಲಿ' (2016), ಎರಡಕ್ಕೂ ಅತ್ಯುತ್ತಮ ಜಾಝ್ ಗಾಯನದ ಗ್ರ್ಯಾಮಿ ಬಂತು. ಇದು ಜಾಝ್ ಅಲ್ಲ, ಸೋಲ್ ಎಂದು ತಕರಾರು ತೆಗೆಯುವವರು ಇದ್ದಾರೆ. ಅವರು ಪೋರ್ಟರ್ ತಾಳದ ಹಿಂದೆ ಉಳಿದು, ಸಾಲಿನ ಕೊನೆಯಲ್ಲಿ ಅದನ್ನು ಹಿಡಿಯುವುದನ್ನು ಕಿವಿಗೊಟ್ಟು ಕೇಳಬೇಕು. ಆ ಕಾಯುವಿಕೆ ಜಾಝ್‌ನದೇ.

2018ರ ಏಪ್ರಿಲ್, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಮೇಲೆ ನೋಡಿದರೆ ಗುಮ್ಮಟ, ಸುತ್ತ ಕೆಂಪು ಆಸನಗಳ ಸುತ್ತುಸುತ್ತು. ವೇದಿಕೆಯ ತುಂಬ ಪಿಟೀಲು, ಚೆಲ್ಲೊ, ತುತ್ತೂರಿ. ವಾದ್ಯವೃಂದ ನಡೆಸಲು ಕೈ ಎತ್ತಿ ನಿಂತವರು ವಿನ್ಸ್ ಮೆಂಡೋಜ. ಆ ವಾದ್ಯಗಳೆಲ್ಲದರ ಮುಂದೆ ನಿಂತು ಪೋರ್ಟರ್ ಹಾಡುತ್ತಿರುವುದು ನ್ಯಾಟ್ ಕಿಂಗ್ ಕೋಲ್ ಹಾಡುಗಳನ್ನು. ಅನುಕರಣೆ ಹುಡುಕಬೇಡಿ, ಸಿಗುವುದಿಲ್ಲ. ಕೋಲ್ ದನಿ ರೇಷ್ಮೆಯಂತೆ ಜಾರಿ ಹೋಗುತ್ತಿತ್ತು. ಇವರದು ಅಲ್ಲಲ್ಲಿ ತಡೆದು, ಗಾಸ್ಪೆಲಿನ ಒಂದು ನಡುಕ ಬಿಟ್ಟು ಮುಂದೆ ಹೋಗುತ್ತದೆ. ಅದೇ ವಸಂತಕ್ಕೆ, ಸೇಂಟ್ ನಿಕ್ಸ್ ಪಬ್ ಇದ್ದ ಹಾರ್ಲೆಮ್‌ನ 773ನೇ ನಂಬರಿನ ಕಟ್ಟಡಕ್ಕೆ ಬೆಂಕಿ ಬಿತ್ತು, ಅಗ್ನಿಶಾಮಕ ದಳದ ಒಬ್ಬರು ಪ್ರಾಣ ಕಳೆದುಕೊಂಡರು. ಪಬ್ ಅದಕ್ಕೂ ವರ್ಷಗಳ ಮೊದಲೇ, 2011ರಲ್ಲಿ ಮುಚ್ಚಿತ್ತು.

2020ರ ಮೇನಲ್ಲಿ ಕೋವಿಡ್ ಸೋದರ ಲಾಯ್ಡ್‌ರನ್ನು ಒಯ್ದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ 'ಆಲ್ ರೈಸ್' ಆಲ್ಬಮ್ಮಿನಲ್ಲಿ 'ಡ್ಯಾಡ್ ಗಾನ್ ಥಿಂಗ್' ಹಾಡು ಇದೆ. ಪೋರ್ಟರ್ ಇಲ್ಲಿ ಕೊನೆಗೂ ತಮ್ಮ ಹೆತ್ತ ಅಪ್ಪನ ಕಡೆಗೆ ತಿರುಗುತ್ತಾರೆ. ಜೊತೆಗಿರದ, ಏನನ್ನೂ ಕಲಿಸದ ಆ ಅಪ್ಪ ಹಾಡುತ್ತಿದ್ದರಂತೆ. ರೆಕಾರ್ಡುಗಳಲ್ಲಿ ಮಗ ಹುಡುಕಿದ ದನಿ ರಕ್ತದಲ್ಲೇ ಇತ್ತು. ಇಷ್ಟು ಹೇಳುವಾಗ ಹಾಡಿನಲ್ಲಿ ದೂರಿನ ಸುಳಿವಿಲ್ಲ. ಚರ್ಚಿನ ಭಾನುವಾರದ ಉಮೇದಿನಲ್ಲಿ, ತಾಳ ಹಾಕುತ್ತ, ಅಪ್ಪನಿಂದ ಬಂದದ್ದನ್ನು ಅಪ್ಪನ ಹೆಸರಿಗೇ ಜಮೆ ಮಾಡುತ್ತಾರೆ.