ಮಚ್ವೆಯ ಕಾಗದ

2018ರ ಸೆಪ್ಟೆಂಬರ್ ಕೊನೆಯ ವಾರ. ಒಂಬತ್ತನೆಯ ತರಗತಿಗೆ ಆರ್ಕಿಮಿಡೀಸನ ತತ್ವ ಹೇಳುತ್ತಿದ್ದೆ. ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಸಮುದ್ರದಲ್ಲಿ ಬದುಕುಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಪಾಠಕ್ಕೆ ಸ್ವಲ್ಪ ರುಚಿ ಬರಲೆಂದು ಅದನ್ನೇ ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ದೋಣಿ ಮುಳುಗಿರಲಿಲ್ಲವಲ್ಲ, ಅದನ್ನೂ ಯಾಕೆ ಎಳೆದು ತರಲಿಲ್ಲ?" ಎಂದು ಕೇಳಿದಳು.

ನನಗೆ ಕೈಯಲ್ಲಿದ್ದ ಸೀಮೆಸುಣ್ಣ ಮರೆತುಹೋಯಿತು. ಬಿ.ಎಸ್ಸಿ. ಓದುತ್ತಿದ್ದಾಗ ಇದೇ ಪ್ರಶ್ನೆಯನ್ನು ನಾನು ನನ್ನ ಅಜ್ಜನಿಗೆ ಕೇಳಿದ್ದೆ. ಕೇಳಿದ ರೀತಿ ಮಾತ್ರ ಇಷ್ಟು ಮರ್ಯಾದೆಯದಾಗಿರಲಿಲ್ಲ.

ಅಜ್ಜ ಗಂಗೊಳ್ಳಿಯಿಂದ ಮುಂಬಯಿಗೆ ಹೆಂಚು ಸಾಗಿಸುವ ಮಚ್ವೆಯ ತಾಂಡೇಲ. ಎಂಜಿನ್ನು ಇಲ್ಲ, ಹಾಯಿ ಮತ್ತು ಗಾಳಿ ಅಷ್ಟೇ. ಮಚ್ವೆಯಲ್ಲಿ ಅರ್ಧ ಪಾಲು ಅಜ್ಜನದು, ಇನ್ನರ್ಧ ಚಿಕ್ಕಜ್ಜನದು. 1955ರಲ್ಲಿ ರತ್ನಾಗಿರಿಯ ಆಚೆ ಬಿರುಗಾಳಿಗೆ ಹಾಯಿಯ ಕಂಬ ಮುರಿದು ಒಳಗೆ ನೀರು ನುಗ್ಗಿತು. ಹಿಂದಿನಿಂದ ಬರುತ್ತಿದ್ದ ಬೇರೆ ಊರಿನ ಮಚ್ವೆಯವರು ಹಗ್ಗ ಎಸೆದು ಏಳೂ ಜನರನ್ನು ಎಳೆದುಕೊಂಡರು. ಅಜ್ಜ ಕೊನೆಯ ಬಾರಿ ತಿರುಗಿ ನೋಡಿದಾಗ ಮಚ್ವೆ ಅಂಚಿನವರೆಗೂ ನೀರು ತುಂಬಿಕೊಂಡು ಇನ್ನೂ ತೇಲುತ್ತಲೇ ಇತ್ತಂತೆ. ಮುಳುಗಿದ್ದನ್ನು ಕಂಡಿದ್ದರೆ ಅವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಸಾಲ ತೀರಿಸಲು ಬೈಲು ಗದ್ದೆ ಮಾರಿದರು. ದಡದಲ್ಲಿದ್ದ ಚಿಕ್ಕಜ್ಜ "ಅಣ್ಣ ದೋಣಿ ಬಿಟ್ಟು ಬಂದ" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಅಣ್ಣತಮ್ಮಂದಿರ ಮಾತು ನಿಂತಿತು.

ನಾನೂ ಒಂದು ರಜೆಯಲ್ಲಿ ಕಾಲೇಜಿನ ಜ್ಞಾನ ಪ್ರದರ್ಶಿಸಿದೆ. "ಮರ ತೇಲ್ತದೆ ಅಜ್ಜ. ಹೆಂಚನ್ನು ನೀರಿಗೆ ಹಾಕಿದ್ದರೆ ಮಚ್ವೆ ಉಳೀತಿತ್ತು." ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದವರು, "ನಿನ್ನ ಪುಸ್ತಕದಲ್ಲಿ ಆ ಏಳು ಜನ ಇದ್ರಾ ಮಗಾ?" ಎಂದು ಕೇಳಿ ಎದ್ದು ಅಂಗಳಕ್ಕೆ ಹೋದರು. ನಾನು ಬಿ.ಇಡಿ. ಮುಗಿಸುವ ಮೊದಲೇ ತೀರಿಕೊಂಡರು.

ಹುಡುಗಿಗೆ ಉತ್ತರ ಹೇಳಬೇಕಿತ್ತಲ್ಲ, ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡು ಓದತೊಡಗಿದೆ.

ಟಾಮಿಯವರ ದೋಣಿಯ ಹೆಸರು 'ತುರೀಯ'. ಗೋವಾದಲ್ಲಿ ಕಟ್ಟಿದ್ದು. 1968ರಲ್ಲಿ ರಾಬಿನ್ ನಾಕ್ಸ್ ಜಾನ್‌ಸ್ಟನ್ ಒಬ್ಬರೇ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದ 'ಸುಹೈಲಿ'ಯ ಪ್ರತಿರೂಪ. ಸುಹೈಲಿಯನ್ನು ಕಟ್ಟಿದ್ದೂ ಮುಂಬಯಿಯಲ್ಲೇ. ಅದೇ ಯಾನದ ನೆನಪಿನ ಪಂದ್ಯದಲ್ಲಿ, ಜಿಪಿಎಸ್ ನೋಡದೆ ಸೂರ್ಯ ನಕ್ಷತ್ರಗಳ ಲೆಕ್ಕದಲ್ಲಿ ಹೋಗುತ್ತಿದ್ದಾಗ, ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ದೋಣಿಯನ್ನು ಉರುಳಿಸಿತು. ಕಂಬಗಳು ಮುರಿದವು, ಟಾಮಿಯವರ ಬೆನ್ನೆಲುಬಿಗೂ ಪೆಟ್ಟಾಯಿತು. ಏಳಲಾಗದೆ ಮಲಗಿದಲ್ಲಿಂದಲೇ ಉಪಗ್ರಹದ ಮೂಲಕ ಸಂದೇಶ ಕಳಿಸಿದರು. ಆಸ್ಟ್ರೇಲಿಯದ ಪರ್ತ್ ಅಲ್ಲಿಂದ ಸುಮಾರು 1,900 ನಾಟಿಕಲ್ ಮೈಲಿ, ಅಂದರೆ ಮೂರೂವರೆ ಸಾವಿರ ಕಿಲೋಮೀಟರ್.

ಆಮೇಲೆ ನಡೆದದ್ದು ನೋಡಿ. ಕಾರ್ಯಾಚರಣೆಯ ಹೊಣೆ ಆಸ್ಟ್ರೇಲಿಯದ ರಕ್ಷಣಾ ಕೇಂದ್ರದ್ದು. ಮಾರಿಷಸ್‌ನಿಂದ ನಮ್ಮ ನೌಕಾಪಡೆಯ ಪಿ-8ಐ ವಿಮಾನ ಹೋಗಿ ದೋಣಿಯನ್ನು ಪತ್ತೆಹಚ್ಚಿತು. 'ಐಎನ್‌ಎಸ್ ಸಾತ್ಪುರ' ಹೊರಟಿತು, ಆಸ್ಟ್ರೇಲಿಯದ ಯುದ್ಧನೌಕೆ ಹೊರಟಿತು. ಎಲ್ಲರಿಗಿಂತ ಮೊದಲು, 24ರಂದು ತಲುಪಿದ್ದು ಮೀನುಗಾರಿಕೆ ಕಾಯುವ ಫ್ರೆಂಚ್ ಹಡಗು 'ಒಸಿರಿಸ್'. ಅದರ ಸಿಬ್ಬಂದಿ ರಬ್ಬರ್ ದೋಣಿಯಲ್ಲಿ ಹೋಗಿ ಟಾಮಿಯವರನ್ನು ಸ್ಟ್ರೆಚರ್ ಮೇಲೆ ಎತ್ತಿಕೊಂಡರು. ತುರೀಯವನ್ನು ಅಲ್ಲೇ ಬಿಟ್ಟರು. ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಎಂಬಾತ, ತನ್ನ ದೋಣಿಯ ಕಂಬವೂ ಮುರಿದಿದ್ದರೂ, ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಟಾಮಿಯತ್ತ ಬರುತ್ತಿದ್ದ. ಅವನನ್ನೂ ಒಸಿರಿಸ್ ಹತ್ತಿಸಿಕೊಂಡಿತು. ಅವನ ದೋಣಿಯೂ ಅಲ್ಲೇ ಉಳಿಯಿತು.

ಏಕೆ ಎಳೆಯಲಿಲ್ಲ? ಲೆಕ್ಕ ಹಾಕಿದೆ. ನೀರನ್ನು ಸೀಳಿ ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿನ ಮಟ್ಟದಲ್ಲಿ 28 ಅಡಿ ಇರುವ ದೋಣಿಗೆ ಸುಮಾರು ಏಳು ನಾಟ್, ಅಂದರೆ ಗಂಟೆಗೆ 13 ಕಿಲೋಮೀಟರ್. ಅದಕ್ಕಿಂತ ಜೋರಾಗಿ ಎಳೆದರೆ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪರ್ತ್‌ಗೆ ಹನ್ನೊಂದು ದಿನ, ಅದೂ ಸಮುದ್ರ ಶಾಂತವಾಗಿದ್ದರೆ. ಬೆನ್ನೆಲುಬು ಮುರಿದವನು ಅಷ್ಟು ದಿನ ಕಾಯುವುದೆಂತು?

ಕಾನೂನೂ ಹಾಗೇ ಇದೆ. ಸಮುದ್ರದಲ್ಲಿ ಸಂಕಟದಲ್ಲಿರುವವರನ್ನು ಯಾವ ದೇಶದವರೆಂದು ಕೇಳದೆ ಎತ್ತಬೇಕೆಂದು 1979ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. 1989ರ ಇನ್ನೊಂದು ಒಪ್ಪಂದದ ಪ್ರಕಾರ ಉಳಿಸಿದ ಜೀವಕ್ಕೆ ಆ ಮನುಷ್ಯನಿಂದ ಬಿಲ್ಲು ವಸೂಲು ಮಾಡುವಂತಿಲ್ಲ. ಹಡಗು, ಸರಕು ಉಳಿಸುವುದು ಮಾತ್ರ ಬೇರೆ ವ್ಯವಹಾರ: ಉಳಿಸಿಕೊಟ್ಟರೆ ಪ್ರತಿಫಲ, ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ. ನಮ್ಮ ಕರಾವಳಿಯಲ್ಲಿ 1554ಕ್ಕೆ ಫೋನು ಮಾಡಿದರೆ ಕೋಸ್ಟ್ ಗಾರ್ಡ್ ಬರುತ್ತದೆ. ದೋಣಿಯಲ್ಲಿ ತುರ್ತು ಸಂಕೇತದ ಪೆಟ್ಟಿಗೆ ಇದ್ದರೆ ಅದರ ಕೂಗು ಉಪಗ್ರಹದಿಂದ ಇಸ್ರೋದ ಬೆಂಗಳೂರಿನ ಕೇಂದ್ರಕ್ಕೆ ಮುಟ್ಟುತ್ತದೆ. ಬರುವವರು ಮೊದಲು ತಲೆ ಎಣಿಸುತ್ತಾರೆ. ದೋಣಿಯ ಮಾತು ಆಮೇಲೆ, ಸಾಧ್ಯವಾದರೆ. 1955ರಲ್ಲಿ ಆ ಮಚ್ವೆಯವರು ಯಾವ ಒಪ್ಪಂದವನ್ನೂ ಓದಿರಲಿಲ್ಲ. ಅಜ್ಜ ಕೊಡಹೋದ ದುಡ್ಡನ್ನು ಮುಟ್ಟಲಿಲ್ಲವಂತೆ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ, ಅಜ್ಜನ ಕತೆಯನ್ನೂ, ನನ್ನ ಅಧಿಕಪ್ರಸಂಗವನ್ನೂ. ಹುಡುಗಿ ಮತ್ತೆ ಎದ್ದಳು. "ಹಾಗಾದರೆ ಬಿಟ್ಟುಬಂದ ದೋಣಿ ಯಾರದು ಸರ್?"

"ಬಿಟ್ಟು ಬಂದ ಮಾತ್ರಕ್ಕೆ ಸಿಕ್ಕಿದವರದಾಗುವುದಿಲ್ಲ ಮಾರಾಯ್ತಿ. ಒಡೆಯನದೇ."

"ಹಾಗಾದರೆ ನಿಮ್ಮ ಅಜ್ಜನ ಮಚ್ವೆ ಈಗಲೂ ನಿಮ್ಮದೇ."

ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ಮನೆಗೆ ಬಂದು ಅಟ್ಟದ ಮೇಲಿನ ಅಜ್ಜನ ಪೆಟ್ಟಿಗೆ ಇಳಿಸಿದೆ. ಮಚ್ವೆಯ ಕಾಗದ ಒಂದು ಮೂಲೆ ಗೆದ್ದಲು ತಿಂದದ್ದು ಬಿಟ್ಟರೆ ಸರಿಯಾಗಿಯೇ ಇತ್ತು. ಒಡೆಯರ ಜಾಗದಲ್ಲಿ ಎರಡು ಹೆಸರು, ಅಣ್ಣನದು ಮೇಲೆ, ತಮ್ಮನದು ಕೆಳಗೆ. ಚಿಕ್ಕಜ್ಜನ ಮೊಮ್ಮಗ ಕುಂದಾಪುರದಲ್ಲೇ ಅಂಗಡಿ ಇಟ್ಟಿದ್ದಾನೆ, ಎದುರು ಸಿಕ್ಕರೂ ನಮ್ಮಲ್ಲಿ ಮಾತಿರಲಿಲ್ಲ. ಆ ಭಾನುವಾರ ಕಾಗದ ಹಿಡಿದುಕೊಂಡು ಅವನ ಅಂಗಡಿಗೆ ಹೋದೆ.