ಆರ್ಡಿನರಿ ಮನುಷ್ಯ ‘ಆರ್ನರಿ’ ಆದದ್ದು



ಇಂಗ್ಲಿಷಿನಲ್ಲಿ ‘ಆರ್ನರಿ’ ಅಂತ ಒಂದು ಪದ ಇದೆ. ನಮ್ಮ ಪಾಠದ ಪುಸ್ತಕದಲ್ಲಿ ಅದು ಬಂದಿಲ್ಲ. ಶಾಲೆಯ ದೊಡ್ಡ ನಿಘಂಟಿನಲ್ಲಿ ಬೇರೆ ಯಾವುದೋ ಪದ ಹುಡುಕುವಾಗ ನನ್ನ ಕಣ್ಣಿಗೆ ಬಿತ್ತು. ಇದು ಅಮೆರಿಕದವರ ಆಡುಮಾತು. ಸಿಡುಕು, ಮೊಂಡುತನ ಎರಡೂ ಸೇರಿದ ಸ್ವಭಾವಕ್ಕೆ ಆರ್ನರಿ ಅನ್ನುತ್ತಾರೆ. ಮನುಷ್ಯರಿಗಷ್ಟೇ ಅಲ್ಲ, ಹೇಳಿದಂತೆ ಕೇಳದ ಕುದುರೆಗೂ ಹೇಸರಗತ್ತೆಗೂ ಇದೇ ಮಾತು. ನೊಗ ಹೂಡಿದ ಕೂಡಲೇ ಮಲಗಿಬಿಡುವ ಎತ್ತನ್ನು ನಾವು ಮೊಂಡು ಎತ್ತು ಅನ್ನೋದಿಲ್ಲವೇ, ಹಾಗೆ.

ಆದರೆ ನನಗೆ ಆಶ್ಚರ್ಯವಾದದ್ದು ಅದು ಹುಟ್ಟಿದ ಬಗೆ. ಆರ್ನರಿ ಅಂದರೆ ನಮಗೆಲ್ಲ ಗೊತ್ತಿರುವ ‘ಆರ್ಡಿನರಿ’ಯೇ! ಆರ್ಡಿನರಿ ಬಸ್ಸು ಅಂತೀವಲ್ಲ, ಅದೇ ಪದ. ಲ್ಯಾಟಿನ್ ಭಾಷೆಯಲ್ಲಿ ‘ಓರ್ಡೊ’ ಅಂದರೆ ಸಾಲು, ಕ್ರಮ. ಅದರಿಂದ ಬಂದ ಆರ್ಡಿನರಿಗೆ ಎಲ್ಲರಂತೆ ಇರುವುದು, ಸಾಮಾನ್ಯವಾದದ್ದು ಎಂದು ಅರ್ಥವಾಯಿತು. ಅಮೆರಿಕದ ಜನರ ಬಾಯಲ್ಲಿ ನಡುವಿನ ‘ಡಿ’ ಸವೆದು ಆರ್ನರಿ ಆಯಿತು. ನಾವು ‘ಹೋಗುತ್ತೇನೆ’ ಎಂದು ಬರೆದು ‘ಹೋಗ್ತೀನಿ’ ಅಂತ ಮಾತಾಡುವುದಿಲ್ಲವೇ?

19ನೇ ಶತಮಾನದ ಆರಂಭದಲ್ಲಿ ಈ ಪದಕ್ಕೆ ಸಾಮಾನ್ಯ ಎಂದೇ ಅರ್ಥವಿತ್ತು. ಆಮೇಲೆ ಕಳಪೆ, ಕೀಳು ಎಂದಾಯಿತು. ಸುಮಾರು 1860ರ ಹೊತ್ತಿಗೆ ಸಿಡುಕ ಎಂಬ ಅರ್ಥ ಬಂತು. 1884ರಲ್ಲಿ ಬಂದ ಮಾರ್ಕ್ ಟ್ವೈನ್ ಅವರ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ ಹಕ್ ಎಂಬ ಬಡ ಹುಡುಗ ತನ್ನನ್ನು ತಾನೇ ಆರ್ನರಿ ಅಂದುಕೊಳ್ಳುತ್ತಾನೆ. ಅಲ್ಲಿ ಕೀಳು ಎಂದು ಅರ್ಥ. ಪಾಪ, ಊರವರು ತನ್ನನ್ನು ಕಂಡ ಹಾಗೇ ಅವನೂ ತನ್ನನ್ನು ಕಂಡ.

ಸಾಮಾನ್ಯ ಮನುಷ್ಯ ಸಿಡುಕ ಆಗುವುದು ಹೇಗೆ? ಇದನ್ನು ಯೋಚಿಸುವಾಗ ನನಗೆ ನಮ್ಮ ತಾತ ನೆನಪಾದರು. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂತ ತಾತ ಒಂದು ಕಚೇರಿಗೆ ಹೋದರು. ಮೊದಲ ಸಲ ‘ಸಾಹೇಬ್ರಿಲ್ಲ’ ಅಂದರು. ಎರಡನೇ ಸಲ ‘ನಾಳೆ ಬಾರಯ್ಯ’ ಅಂದರು. ಮೂರನೇ ಸಲವೂ ನಾಳೆ ಅಂದಾಗ ತಾತ, ‘ಅದನ್ನೇ ಒಂದು ಚೀಟೀಲಿ ಬರ್ಕೊಡಿ ಸ್ವಾಮಿ’ ಅಂತ ಬಾಗಿಲಲ್ಲೇ ಕೂತುಬಿಟ್ಟರು. ಜೊತೆಗಿದ್ದ ನನ್ನ ಕಿವಿಗೆ ಒಳಗಿನಿಂದ ಒಂದು ಮಾತು ಬಿತ್ತು: ‘ಈ ಮುದುಕ ಬಲೇ ಸಿಡುಕ ಕಣ್ರೀ.’ ಎರಡು ಸಲ ಸುಮ್ಮನೆ ಹಿಂದಿರುಗಿದಾಗ ತಾತ ಯಾರೋ ಒಬ್ಬ ಆರ್ಡಿನರಿ ಮನುಷ್ಯ. ಬಾಯಿ ಬಿಟ್ಟ ಕೂಡಲೇ ಆರ್ನರಿ!

ಇಂಥ ಪದ ಇದೊಂದೇ ಅಲ್ಲ. ಇಂಗ್ಲಿಷಿನ ‘ವಿಲನ್’ ಅಂದರೆ ಮೊದಲು ದೊಡ್ಡವರ ಜಮೀನಿನಲ್ಲಿ ದುಡಿಯುವವನು. ಈಗ ಅವನು ಸಿನಿಮಾದಲ್ಲಿ ಹೊಡೆಸಿಕೊಳ್ಳುತ್ತಾನೆ. ನಾವು ಬೈಯುವ ‘ಗಮಾರ’ ಹಿಂದಿಯ ಕಡೆಯಿಂದ ಬಂದದ್ದು. ಅದರ ಬೇರು ‘ಗಾಂವ್’, ಅಂದರೆ ಹಳ್ಳಿ. ಹಾಗಾದರೆ ನಾವೆಲ್ಲ ಗಮಾರರೇ! ಬಡವರಿಗೆ, ದುಡಿಯುವವರಿಗೆ ಇದ್ದ ಹೆಸರನ್ನೇ ಮೇಲಿನವರು ಬೈಗುಳ ಮಾಡಿದ್ದಾರೆ.

ಸುಮ್ಮಸುಮ್ಮನೆ ರೇಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರನ್ನಾದರೂ ಸಿಡುಕ ಅನ್ನುವ ಮೊದಲು, ಅವರು ಎಷ್ಟು ಸಲ ಸುಮ್ಮನೆ ಹಿಂದಿರುಗಿದ್ದಾರೆ ಅಂತ ಒಮ್ಮೆ ಕೇಳಬೇಕು. ನಮ್ಮ ತಾತನ ಪಹಣಿ ಐದನೇ ಸಲಕ್ಕೆ ಸರಿಯಾಯಿತು.

ಸಿಟ್ಟಿನವರಿಗೆ ನಿಮ್ಮ ಮನೆಯಲ್ಲಿ ಏನೇನು ಅಂತಾರೆ? ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ