ಉದ್ದ ಕಾಲಿನ ಹುಡುಗನ ಫುಟ್‌ಬಾಲು

ಸುಮಾರು ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಭಾನುವಾರ ಬಂತೆಂದರೆ ಬೆಳಗ್ಗೆ ಆರಕ್ಕೇ ಮೈದಾನದ ಅಂಚಿನಲ್ಲಿ ಹಾಜರಿ. ಮಗ ಫುಟ್‌ಬಾಲ್ ಆಡುತ್ತಾನೆ, ನಾನು ಬ್ಯಾಗು ಕಾಯುತ್ತೇನೆ. ಹಾಗೆ ಬ್ಯಾಗು ಕಾಯುತ್ತಾ ಕೂತಾಗ ಹೊಳೆದದ್ದು ಇದು. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಹೌದು.

ಹನ್ನೆರಡು ವರ್ಷದ ತನಕ ಇವನು ತಂಡದಲ್ಲೇ ಕುಳ್ಳ. ಆದರೆ ಚೆಂಡು ಇವನ ಮಾತು ಕೇಳುತ್ತಿತ್ತು. ದೊಡ್ಡ ದೊಡ್ಡ ಹುಡುಗರ ನಡುವೆ ನುಸುಳಿಕೊಂಡು ಹೋಗುತ್ತಿದ್ದರೆ ನನಗೆ ಒಳಗೊಳಗೇ ಜಂಬ. ಹದಿಮೂರೂವರೆಗೆ ಬರುವಷ್ಟರಲ್ಲಿ ಏನಾಯಿತೋ! ಇಲ್ಲಿಗೆ ಒದ್ದರೆ ಚೆಂಡು ಇನ್ನೆಲ್ಲಿಗೋ. ತಿರುಗಲು ಹೋಗಿ ತನ್ನ ಕಾಲಿಗೆ ತಾನೇ ಎಡವಿ ಬೀಳುವುದು. ಓಟವೂ ನಿಧಾನ. ಕೋಚ್ ಬೆಂಚಿನ ಮೇಲೆ ಕೂರಿಸಿದರು. ನಾನು ಸ್ಕೂಟರ್ ಹತ್ತಿಸಿಕೊಂಡು ಮನೆ ಬರುವ ತನಕ ಬೈದೆ. "ಮೊಬೈಲ್ ನೋಡಿ ನೋಡಿ ಸೋಮಾರಿ ಆಗಿದೀಯ, ಮನಸ್ಸಿಟ್ಟು ಆಡಲ್ಲ" ಅಂತ. ಹಿಂದಿನ ಸೀಟಿನಿಂದ ಒಂದು ಮಾತಿಲ್ಲ. ಆಮೇಲಿನ ಎರಡು ಭಾನುವಾರ ಅವನಿಗೆ ಹೊಟ್ಟೆನೋವು.

ಎರಡನೇ ಭಾನುವಾರ ಅಮ್ಮ ನನ್ನನ್ನು ಅಡುಗೆಮನೆ ಬಾಗಿಲ ಹತ್ತಿರ ಕರೆದರು. "ಅವನನ್ನ ಬೈಯೋದು ಬಿಟ್ಟು ಇಲ್ಲಿ ನೋಡೋ." ಪ್ರತಿ ಯುಗಾದಿಗೂ ಮೊಮ್ಮಗನನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಗೆರೆ ಹಾಕುವುದು ಅಮ್ಮನ ಅಭ್ಯಾಸ. ಟೇಪು ಹಿಡಿದು ಅಳೆದೆ. ಹಿಂದಿನ ವರ್ಷಗಳ ಗೆರೆಗಳ ನಡುವೆ ಐದೈದು ಸೆಂಟಿಮೀಟರ್. ಕೊನೆಯ ಎರಡರ ನಡುವೆ ಒಂಬತ್ತು.

ಅವತ್ತು ರಾತ್ರಿ ಕೂತು ಓದಿದೆ. ಗಂಡುಮಕ್ಕಳಲ್ಲಿ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಂತೆ. ಸರಾಸರಿ ಅಷ್ಟೇ, ಒಬ್ಬನಿಗೆ ಹನ್ನೆರಡಕ್ಕೇ ಬರಬಹುದು, ಇನ್ನೊಬ್ಬನಿಗೆ ಹದಿನಾರಕ್ಕೆ. ಮೊದಲು ಪಾದ, ಆಮೇಲೆ ಕಾಲು, ಅದಾದ ಮೇಲೆ ಮುಂಡ. ಮಾಂಸಖಂಡ ತುಂಬಿಕೊಂಡು ಬಲ ಬರುವುದು ಇನ್ನೂ ಕೆಲವು ತಿಂಗಳು ಕಳೆದು. ಅಂದರೆ ನಡುವೆ ಒಂದಷ್ಟು ಕಾಲ ಹುಡುಗನ ಕಾಲು ಉದ್ದವಾಗಿರುತ್ತದೆ, ಅದನ್ನು ಬೀಸುವ ಬಲ ಇರುವುದಿಲ್ಲ. ಮಿದುಳು ಇನ್ನೂ ಹಳೇ ಕಾಲಿನ ಲೆಕ್ಕದಲ್ಲೇ ಇರುತ್ತದೆ. ಮಾರುತಿ 800 ಓಡಿಸಿ ಕೈ ಪಳಗಿದವನಿಗೆ ರಾತ್ರೋರಾತ್ರಿ ಬಿಎಂಟಿಸಿ ಬಸ್ಸು ಕೊಟ್ಟ ಹಾಗೆ! ಎಲ್ಲ ಹುಡುಗರೂ ಹೀಗೆ ಎಡವುವುದಿಲ್ಲ, ಎಡವಿದವರೂ ಸಾಮಾನ್ಯವಾಗಿ ಸರಿಹೋಗುತ್ತಾರೆ. ಮೊಣಕಾಲ ಕೆಳಗೆ ನೋವು ಅಂತ ಅವನು ಹೇಳುತ್ತಿದ್ದದ್ದೂ ನೆಪವಲ್ಲ. ಡಾಕ್ಟರು ಮುಟ್ಟಿ ನೋಡಿದ ಕೂಡಲೇ ಆಸ್‌ಗುಡ್-ಶ್ಲಾಟರ್ ಅಂದರು. ತೊಡೆಯ ಸ್ನಾಯು ಬೆಳೆಯುತ್ತಿರುವ ಮೂಳೆಯನ್ನು ಎಳೆದೆಳೆದು ಬರುವ ನೋವು ಅದು, ಈ ವಯಸ್ಸಿನ ಆಟಗಾರರಲ್ಲಿ ಮಾಮೂಲಂತೆ. ನಾನು "ಡ್ರಾಮಾ" ಅಂದಿದ್ದೆ.

ಇದರ ಇನ್ನೊಂದು ಮುಖ ನಮ್ಮ ರಸ್ತೆಯಲ್ಲೇ ಇದೆ. ಹನ್ನೆರಡಕ್ಕೇ ಮೀಸೆ ಚಿಗುರಿದ್ದ ಹುಡುಗ. ಇವನಿಗಿಂತ ಒಂದು ಗುಂಪು ಮುಂದೆ. ಚೆಂಡು ಮುಂದಕ್ಕೆ ತಳ್ಳಿ ಓಡಿದನೆಂದರೆ ಹಿಡಿಯುವವರಿಲ್ಲ. "ಇವನು ಇಂಡಿಯಾಗೆ ಆಡ್ತಾನೆ ಬಿಡಿ" ಅಂತ ಎಲ್ಲರೂ ಹೇಳಿದ್ದೇ. ಈಗ ಹದಿನೈದು. ಉಳಿದವರೆಲ್ಲ ಅವನಷ್ಟೇ ಎತ್ತರ ಆಗಿದ್ದಾರೆ, ಅವನ ಎತ್ತರ ನಿಂತಿದೆ. ಓಡಿಯೇ ಗೆಲ್ಲುತ್ತಿದ್ದವನಿಗೆ ತಿರುಗುವುದು, ಚೆಂಡು ಮರೆಮಾಡುವುದು ಇದ್ಯಾವುದೂ ಬೇಕೇ ಆಗಿರಲಿಲ್ಲ. ಈ ಸಲದ ಆಯ್ಕೆಯಲ್ಲಿ ಹೆಸರಿಲ್ಲ. ಅವರಪ್ಪ ಈಗ ಮೈದಾನಕ್ಕೆ ಬರುವುದಿಲ್ಲ. ಪೋರ್ಚುಗಲ್ಲಿನ 13ರಿಂದ 15 ವರ್ಷದ ಆಟಗಾರರ ಮೇಲೆ ರಾಬರ್ಟ್ ಮಲೀನಾ ಮತ್ತು ಜೊತೆಗಾರರು ಮಾಡಿ 2004-05ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಓಟ, ಜಿಗಿತದಲ್ಲಿ ಬೇಗ ಬಲಿತವರದ್ದು ಮೇಲುಗೈ. ಚೆಂಡಿನ ಕೌಶಲದಲ್ಲಿ ಬಲಿತದ್ದರ ಪಾಲು ತೀರಾ ಕಮ್ಮಿ.

ವಯಸ್ಸು ಅಂದಾಗ ನೆನಪಾಯಿತು. ದಾಖಲೆಯಲ್ಲಿ ನಾನು ಜೂನ್ 1ರವನು. (ನೀವೂ ಜೂನ್ 1ರವರೇ? ಕಮೆಂಟಿನಲ್ಲಿ ಕೈ ಎತ್ತಿ!) ಶಾಲೆಗೆ ಸೇರಿಸುವಾಗ ಮೇಷ್ಟ್ರು ಜಾತಕ ಕೇಳಲಿಲ್ಲ. ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು. ಮುಟ್ಟಿತು, ಸೇರಿಸಿಕೊಂಡರು. ನನ್ನ ಜೊತೆಯಲ್ಲೇ ಹುಟ್ಟಿದ ಪಕ್ಕದ ಮನೆಯವನದ್ದು ಮುಟ್ಟಲಿಲ್ಲ, ಅವನು ಒಂದು ವರ್ಷ ಹಿಂದೆ ಉಳಿದ. ಈಗ ಕಿವಿಯ ಬದಲು ಎಡ ಮಣಿಕಟ್ಟಿನ ಎಕ್ಸ್‌ರೇ. ವಯೋಮಿತಿ ಟೂರ್ನಿಗಳಲ್ಲಿ ವಯಸ್ಸಿನ ಮೋಸ ಹಿಡಿಯಲು ನಮ್ಮಲ್ಲಿ ಟಿಡಬ್ಲ್ಯೂ3 ಅನ್ನುವ ಪರೀಕ್ಷೆ ಬಳಸುತ್ತಾರೆ. 2009ರ ಅಂಡರ್-17 ವಿಶ್ವಕಪ್ಪಿನಿಂದ ಫೀಫಾ ಎಂಆರ್‌ಐ ಹಿಡಿದುಕೊಂಡಿತು. ಮೋಸ ತಡೆಯಲು ಬೇಕಾದದ್ದೇ. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಎಷ್ಟು ಬಲಿತಿದೆ ಅನ್ನುವುದು, ಹುಟ್ಟಿದ ತಾರೀಖಲ್ಲ. ಸುಳ್ಳು ಹೇಳದ, ಬೇಗ ಬಲಿತ ಹುಡುಗನ ಗತಿ? ಇನ್ನು ತಾರೀಖನ್ನೇ ನಂಬೋಣವೆಂದರೆ ಅಲ್ಲೂ ತಕರಾರು. ಜನವರಿ 1 ಗಡಿ ಅಂದರೆ ಡಿಸೆಂಬರಿನಲ್ಲಿ ಹುಟ್ಟಿದ ನನ್ನ ಮಗ ತನಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರ ಜೊತೆ ಆಡಬೇಕು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರಲ್ಲಿ ಬೇರೆಯೇ ಪ್ರಯೋಗ ಮಾಡಿದವು. ಅಪ್ಪ ಅಮ್ಮನ ಎತ್ತರ, ಹುಡುಗನ ಈಗಿನ ಎತ್ತರ-ತೂಕ ಹಾಕಿ ಮುಂದೆ ಎಷ್ಟು ಎತ್ತರ ಆಗುತ್ತಾನೆ ಅಂತ ಅಂದಾಜು ಮಾಡಿ, ಅದರ 85ರಿಂದ 90 ಶೇಕಡಾ ಮುಟ್ಟಿದವರನ್ನೆಲ್ಲ ಒಂದೇ ಗುಂಪಿಗೆ ಹಾಕಿ ಆಡಿಸಿದರು. ಹುಟ್ಟಿದ ವರ್ಷ ಬೇರೆಯಾದರೂ ಸರಿ. ಬೇಗ ಬೆಳೆದವರು ಇಲ್ಲಿ ಬರೀ ಮೈಬಲ ಸಾಲದು, ಚೆಂಡಾಟವೇ ಬೇಕು ಅಂದರಂತೆ. ತಡವಾಗಿ ಬೆಳೆಯುವವರು ತಮ್ಮ ಕೈಚಳಕ, ಅಲ್ಲಲ್ಲ, ಕಾಲ್ಚಳಕ ತೋರಿಸಲು ಜಾಗ ಸಿಕ್ಕಿತು ಅಂದರಂತೆ. ನಮ್ಮ ಕೋಚ್‌ಗೆ ಇದನ್ನು ಹೇಳಿದೆ. "ಸಾರ್, ನನಗೆ ಇರೋದೇ ಒಂದು ಗ್ರೌಂಡು, ನಲವತ್ತು ಮಕ್ಕಳು" ಅಂದರು. ಅದೂ ಸರಿಯೇ. ಆದರೂ ವಾರ್ಮ್-ಅಪ್‌ನಲ್ಲಿ ಇವನಿಗೆ ಓಟ ಕಮ್ಮಿ ಮಾಡಿ ಚೆಂಡಿನ ಅಭ್ಯಾಸ ಜಾಸ್ತಿ ಮಾಡಿಸುತ್ತಿದ್ದಾರೆ. ಮೊಣಕಾಲಿಗೂ ಅದೇ ವಾಸಿ.

ಮಗನ ಹತ್ತಿರ ಕ್ಷಮೆ ಕೇಳಿದೆ. ನಮ್ಮಪ್ಪ ನನ್ನನ್ನು ಯಾವತ್ತೂ ಕೇಳಿದವರಲ್ಲ, ಹೇಗೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಸ್ಕೂಟರ್ ಓಡಿಸುತ್ತಲೇ, ಮುಖ ನೋಡದೆ ಹೇಳಿಬಿಟ್ಟೆ. "ಬಿಡಪ್ಪ" ಅಂದ. ಸ್ವಲ್ಪ ದೂರ ಹೋದ ಮೇಲೆ, "ಅಪ್ಪ, ಶೂ ಮತ್ತೆ ಬಿಗಿ ಆಗ್ತಿದೆ" ಅಂದ.

ಈ ವರ್ಷಕ್ಕೆ ಇದು ಮೂರನೇ ಜೊತೆ.